ಕಟ್ಟಳೆಯ ಎದುರಿಗೆ ಮನುಷ್ಯ: ಗಿರೀಶ ಕಾಸರವಳ್ಳಿಯವರ ಚಿತ್ರಗಳು

ವರ್ಷದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲ ಕನ್ನಡಕ್ಕೆ ಬಂದದ್ದು ಆರು ಸಲ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’, ಬಿ. ವಿ. ಕಾರಂತರ ‘ಚೋಮನ ದುಡಿ’ ಬಿಟ್ಟರೆ ಉಳಿದ ನಾಲ್ಕನ್ನೂ ತಂದವರು ಗಿರೀಶ ಕಾಸರವಳ್ಳಿ. ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997), ‘ದ್ವೀಪ’ (2001) ಆ ನಾಲ್ಕು ಚಿತ್ರಗಳು. ನಮ್ಮಂಥ ಫಿಲ್ಮ್ ಸೊಸೈಟಿಗಳ ಚರಿತ್ರೆ ಬರೆಯುವಾಗ ಈ ಹೆಸರು ಮತ್ತೆ ಮತ್ತೆ ಬರಲೇಬೇಕು. ಕನ್ನಡದ ಹೊಸ ಅಲೆಯ ಚಿತ್ರಗಳು ಟಾಕೀಸುಗಳಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಪರದೆ ಕಟ್ಟಿ, ಪ್ರೊಜೆಕ್ಟರ್ ಹೊತ್ತು, ಸಿನಿಮಾ ಮುಗಿದ ಮೇಲೂ ಕೂತು ಮಾತಾಡಿದ ಜನರಿಂದ ಅವು ಉಳಿದುಕೊಂಡವು. ಕಾಸರವಳ್ಳಿಯವರ ಚಿತ್ರಗಳಿಗೆ ಆ ಮಾತುಕತೆ ಬೇಕೇ ಬೇಕು. ಅವು ಪ್ರೇಕ್ಷಕನ ಕೈಗೆ ತೀರ್ಪು ಕೊಡುವುದಿಲ್ಲ, ತೀರ್ಪು ಹೇಗೆ ಆಗುತ್ತದೆ ಎಂಬುದನ್ನು ತೋರಿಸುತ್ತವೆ.

ಕಾಸರವಳ್ಳಿ ಹುಟ್ಟಿದ್ದು 1950ರ ಡಿಸೆಂಬರ್ 3ರಂದು, ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ. ತಂದೆ ಗಣೇಶರಾವ್ ಕೃಷಿಕರು, ಸ್ವಾತಂತ್ರ್ಯ ಹೋರಾಟಗಾರರು. ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರು ಸೋದರಮಾವ. ಓದಿದ್ದು ಮಣಿಪಾಲದಲ್ಲಿ ಫಾರ್ಮಸಿ. ಆ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಅವರನ್ನು ಬಹಳವಾಗಿ ಸೆಳೆದವನು ಜಪಾನಿನ ಯಸುಜಿರೊ ಓಜು. ಮನೆಯೊಳಗಿನ ಮೌನ, ಬಾಗಿಲು, ಪಡಸಾಲೆ, ಕೂತವರ ನಡುವಿನ ಅಂತರ, ಇವಿಷ್ಟರಲ್ಲೇ ಕತೆ ಹೇಳಬಹುದೆಂಬ ಧೈರ್ಯ ಅವರಿಗೆ ಬಂದದ್ದು ಓಜುನಿಂದ ಎಂದೇ ನನ್ನ ನಂಬಿಕೆ. ಡಿಪ್ಲೊಮಾಗಾಗಿ ಮಾಡಿದ ಕಿರುಚಿತ್ರ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ‘ಚೋಮನ ದುಡಿ’ಯಲ್ಲಿ ಕಾರಂತರಿಗೆ ಸಹಾಯಕರಾಗಿ ದುಡಿದರು. ಅದಾದ ಎರಡೇ ವರ್ಷಕ್ಕೆ, ಇನ್ನೂ ಇಪ್ಪತ್ತೇಳು ತುಂಬದ ವಯಸ್ಸಿನಲ್ಲಿ, ‘ಘಟಶ್ರಾದ್ಧ’ ಮಾಡಿದರು.

ಈ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು, ಮುಂದಿನದೆಲ್ಲ ಇಲ್ಲೇ ಬೀಜದ ರೂಪದಲ್ಲಿದೆ. ಕತೆ ಯು. ಆರ್. ಅನಂತಮೂರ್ತಿಯವರದು. ಹಣ ಹಾಕಿದವರು ಮುಂಬೈ ಕನ್ನಡ ರಂಗಭೂಮಿಯಲ್ಲಿ ಹೆಸರು ಮಾಡಿದ್ದ ಸದಾನಂದ ಸುವರ್ಣ. ಕ್ಯಾಮೆರಾ ಎಸ್. ರಾಮಚಂದ್ರ ಅವರದು, ಸಂಗೀತ ಕಾರಂತರದು. ಮಲೆನಾಡಿನ ಅಗ್ರಹಾರವೊಂದರಲ್ಲಿ ಉಡುಪರ ವೇದಪಾಠಶಾಲೆ. ಅಲ್ಲಿಗೆ ಓದಲು ಬರುವ ಪುಟ್ಟ ಹುಡುಗ ನಾಣಿ. ಊರಿನ ನೆನಪಾಗಿ ಅಳುವ ಅವನಿಗೆ ಆಸರೆಯಾಗುವವಳು ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಶಾಲೆಯ ಮೇಷ್ಟ್ರಿಂದ ಗರ್ಭಿಣಿಯಾಗುತ್ತಾಳೆ. ಊರಿಗೆ ಗೊತ್ತಾಗುತ್ತದೆ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ, ಮಡಕೆ ಒಡೆದು, ತಲೆ ಬೋಳಿಸಿ ಹೊರಗೆ ಹಾಕುತ್ತಾರೆ.

ಇದನ್ನು ವಿಧವೆಯರ ಗೋಳಿನ ಚಿತ್ರವಾಗಿ ಮಾಡಿಬಿಡುವುದು ಸುಲಭವಿತ್ತು. ಕಾಸರವಳ್ಳಿ ಹಾಗೆ ಮಾಡಲಿಲ್ಲ. ದೊಡ್ಡವರು ಪಿಸುಗುಟ್ಟುವುದು ನಾಣಿಗೆ ಅರ್ಧ ಕೇಳಿಸುತ್ತದೆ, ಕಂಡದ್ದು ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ನಾವು ತುಂಬಿಕೊಳ್ಳಬೇಕು, ತುಂಬಿಕೊಳ್ಳುವಾಗ ನಮ್ಮೊಳಗಿನ ಅಗ್ರಹಾರವೂ ಎದ್ದು ಬರುತ್ತದೆ. ಯಮುನಕ್ಕನಾಗಿ ಮೀನಾ ಕುಟ್ಟಪ್ಪ, ನಾಣಿಯಾಗಿ ಅಜಿತ್ ಕುಮಾರ್ ನಟಿಸಿದರು ಅನ್ನುವುದಕ್ಕಿಂತ ಆ ಮನೆಯಲ್ಲಿ ಬಾಳಿದರು ಅನ್ನಬೇಕು. ಕೊನೆಯಲ್ಲಿ ತಂದೆ ನಾಣಿಯನ್ನು ಕರೆದುಕೊಂಡು ಹೊರಟಾಗ ಮರದ ಕೆಳಗೆ ಕೂತ ಯಮುನಕ್ಕನ ಕಡೆ ಅವನು ತಿರುಗಿ ನೋಡುವ ನೋಟ ಕನ್ನಡ ಸಿನಿಮಾ ಕೊಟ್ಟ ಅತ್ಯಂತ ಕಠಿಣ ಪ್ರಶ್ನೆ. ಇನ್ನೊಂದೆಡೆ, ಮಗಳ ಶ್ರಾದ್ಧ ಮಾಡಿದ ಮುದಿ ತಂದೆಗೆ ಎಳೆಯ ಹುಡುಗಿಯೊಬ್ಬಳೊಂದಿಗೆ ಮದುವೆಯ ಮಾತು ನಡೆದಿರುತ್ತದೆ. ಎರಡಕ್ಕೂ ಶಾಸ್ತ್ರದ ಒಪ್ಪಿಗೆಯಿದೆ.

ಕಾಸರವಳ್ಳಿಯವರ ಚಿತ್ರಜೀವನದ ಉದ್ದಕ್ಕೂ ಹರಿದಿರುವ ಎಳೆ ಇದೇ ಎಂದು ನಾನು ತಿಳಿದಿದ್ದೇನೆ. ಅವರ ಚಿತ್ರಗಳಲ್ಲಿ ಅನ್ಯಾಯ ನಡೆಯುವುದು ಕಟ್ಟಳೆ ಮುರಿದಾಗ ಅಲ್ಲ, ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದಾಗ. ಅದಕ್ಕೇ ಅಲ್ಲಿ ಖಳನಾಯಕರು ಬೇಕಾಗುವುದಿಲ್ಲ. ಮಂತ್ರ ಹೇಳುವ ಪುರೋಹಿತ, ಫೈಲು ಮುಂದೂಡುವ ಗುಮಾಸ್ತ, ಜಮೀನಿನ ಅಳತೆ ಬರೆಯುವ ಅಧಿಕಾರಿ, ಮಸೀದಿಯ ಮುತವಲ್ಲಿ, ಯಾರೂ ತಾವು ತಪ್ಪು ಮಾಡುತ್ತಿದ್ದೇವೆ ಅಂದುಕೊಂಡವರಲ್ಲ.

‘ಘಟಶ್ರಾದ್ಧ’ದ ಬೆನ್ನಿಗೆ ಬಂದ ‘ಆಕ್ರಮಣ’, ಯಶವಂತ ಚಿತ್ತಾಲರ ಕಾದಂಬರಿಯನ್ನು ಆಧರಿಸಿದ ‘ಮೂರು ದಾರಿಗಳು’ ಅಷ್ಟು ದೂರ ಹೋಗಲಿಲ್ಲ. ಅವರು ಪೂರ್ಣ ಬಲದಿಂದ ಮರಳಿದ್ದು ‘ತಬರನ ಕಥೆ’ಯಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ಕತೆ. ತಬರಶೆಟ್ಟಿ ಪುರಸಭೆಯಲ್ಲಿ ಆಯುಷ್ಯ ಸವೆಸಿದ ಕೆಳಹಂತದ ನೌಕರ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತ ಮೇಲೇರುತ್ತಿದೆ. ಪಿಂಚಣಿ ಬಂದರೆ ಚಿಕಿತ್ಸೆ, ಆದರೆ ಪಿಂಚಣಿ ಬರಲು ಲೆಕ್ಕ ಸರಿಹೊಂದಬೇಕು, ಸಹಿ ಬೀಳಬೇಕು, ಆ ಟೇಬಲ್ಲಿನಿಂದ ಈ ಟೇಬಲ್ಲಿಗೆ ಕಾಗದ ಬರಬೇಕು. ಗಾಯಕ್ಕೆ ಅಷ್ಟು ತಾಳ್ಮೆಯಿಲ್ಲ. ತಬರನಾಗಿ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಸ್ವಾತಂತ್ರ್ಯ ಬಂದು ನಲವತ್ತು ವರ್ಷ ತುಂಬುತ್ತಿದ್ದ ಹೊತ್ತಿನಲ್ಲಿ ಬಂದ ಚಿತ್ರವಿದು. ಬ್ರಿಟಿಷರ ಕಾಲವನ್ನೂ ಕಂಡ, ಸರ್ಕಾರವನ್ನು ದೇವರಂತೆ ನಂಬಿದ ಮನುಷ್ಯನೊಬ್ಬ ಕಚೇರಿಯ ಮೆಟ್ಟಿಲಲ್ಲೇ ಬುದ್ಧಿಸ್ಥಿಮಿತ ಕಳೆದುಕೊಳ್ಳುವುದನ್ನು ನೋಡುವಾಗ, ಪಿಂಚಣಿಗಾಗಿ ಅಲೆದ ನಮ್ಮೂರಿನ ಎಷ್ಟೋ ಹಿರಿಯರ ಮುಖಗಳು ಕಣ್ಣ ಮುಂದೆ ಬರುತ್ತವೆ.

ಅಲ್ಲಿಂದ ಮುಂದೆ ಯಕ್ಷಗಾನ ಕಲಾವಿದನೊಬ್ಬನ ತಳಮಳದ ‘ಬಣ್ಣದ ವೇಷ’, ಊರು ಬಿಟ್ಟು ನಗರದ ಬಾಡಿಗೆ ಕೋಣೆ ಸೇರಿದ ದಂಪತಿಯ ‘ಮನೆ’ ಬಂದವು. ನಾಸಿರುದ್ದೀನ್ ಶಾ, ದೀಪ್ತಿ ನವಲ್ ನಟಿಸಿದ ‘ಮನೆ’ಗೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ. ಪಕ್ಕದ ಶೆಡ್ಡಿನ ಸದ್ದು ತಪ್ಪಿಸಲು ಹೋಗಿ ತಮ್ಮದೇ ನೆಮ್ಮದಿ ಕಳೆದುಕೊಳ್ಳುವ ಆ ಜೋಡಿ ಇವತ್ತಿನ ಬೆಂಗಳೂರಿನಲ್ಲಿ ಬೀದಿಗೊಂದು ಸಿಗುತ್ತದೆ.

ರಂ. ಶಾ. ಲೋಕಾಪುರರ ಕಾದಂಬರಿಯಿಂದ ಬಂದ ‘ತಾಯಿ ಸಾಹೇಬ’ದಲ್ಲಿ ಹಳೆಯ ವಾಡೆ, ಜಹಗೀರುದಾರಿಕೆ, ಗಾಂಧಿಯ ಕಾಲ, ಸ್ವಾತಂತ್ರ್ಯದ ನಂತರದ ಹೊಸ ಕಾನೂನು ಎಲ್ಲವೂ ಒಬ್ಬ ಹೆಂಗಸಿನ ಮೇಲೆ ಒಂದೊಂದಾಗಿ ಹಾದುಹೋಗುತ್ತವೆ. ನಿರ್ಮಿಸಿ ನಟಿಸಿದವರು ಜಯಮಾಲಾ. ದತ್ತುಮಗ ಪ್ರೀತಿಸಿದ ಹುಡುಗಿ ಗಂಡನ ಇನ್ನೊಬ್ಬಳ ಮಗಳು. ರಕ್ತಸಂಬಂಧವಿಲ್ಲದಿದ್ದರೂ ದತ್ತಿನ ಕಟ್ಟಳೆಯಲ್ಲಿ ಅವರು ಅಣ್ಣ ತಂಗಿ. ಈ ಚಿತ್ರದ ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸೀರೆಯ ಬಣ್ಣ, ಅಂಚು, ಉಟ್ಟ ಬಗೆಯಲ್ಲೇ ಕಾಲ ಬದಲಾದದ್ದನ್ನು ಅವರು ಕಾಣಿಸಿದರು. 2010ರಲ್ಲಿ ತೀರಿಕೊಂಡ ವೈಶಾಲಿಯವರು ನಟಿಯಾಗಿ, ಧಾರಾವಾಹಿಗಳ ನಿರ್ದೇಶಕಿಯಾಗಿ ಮಾಡಿದ ಕೆಲಸಕ್ಕೆ ಬೇರೆಯೇ ಲೇಖನ ಬೇಕು.

‘ದ್ವೀಪ’ ನಾ. ಡಿಸೋಜರದು. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿದ್ದುಕೊಂಡು ಮುಳುಗಡೆಯನ್ನು ಹತ್ತಿರದಿಂದ ಕಂಡವರು ಬರೆದದ್ದು. ಅಣೆಕಟ್ಟಿನ ನೀರು ಏರುತ್ತಿದೆ, ಊರು ಖಾಲಿಯಾಗುತ್ತಿದೆ. ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಮಾತ್ರ ಉಳಿದಿದ್ದಾರೆ. ಪರಿಹಾರದ ಪಟ್ಟಿಯಲ್ಲಿ ನೆಲಕ್ಕೆ ಬೆಲೆಯುಂಟು, ಊರ ದೇವರ ಪೂಜಾರಿಯಾಗಿ ದುಗ್ಗಜ್ಜನಿಗಿದ್ದ ಗೌರವಕ್ಕೆ ಬೆಲೆ ಬರೆಯುವ ಕಾಲಮ್ಮಿಲ್ಲ. ಎಚ್. ಎಂ. ರಾಮಚಂದ್ರ ಹಿಡಿದ ಆ ಮಳೆ ಅಲಂಕಾರದ ಮಳೆಯಲ್ಲ, ಮಲೆನಾಡಿನವರು ಗುರುತು ಹಿಡಿಯುವ, ಎಲುಬಿಗೆ ಇಳಿಯುವ ಮಳೆ. ನಾಗಿಯಾಗಿ ಸೌಂದರ್ಯ ತಾವೇ ನಿರ್ಮಾಪಕಿಯೂ ಆಗಿ ಮಾಡಿದ ಈ ಪಾತ್ರ ಅವರ ಬಾಳಿನ ಶ್ರೇಷ್ಠ ಕೆಲಸ. ನೀರಿನಿಂದ ಮನೆ ಉಳಿಸಿದ್ದು ಅವಳ ದುಡಿಮೆ; ಗಣಪ ಅದರ ಯಶಸ್ಸನ್ನು ದೇವರಿಗೆ ಒಪ್ಪಿಸುತ್ತಾನೆ. ಅಣೆಕಟ್ಟಿನ ಕತೆ ಆ ಒಂದು ಮಾತಿಗೆ ಗಂಡ ಹೆಂಡಿರ ಕತೆಯಾಗುತ್ತದೆ.

2004ರ ‘ಹಸೀನಾ’ವನ್ನು ಈಗ ಮತ್ತೆ ನೋಡಲೇಬೇಕು. ಅದರ ಮೂಲ ಬಾನು ಮುಷ್ತಾಕ್ ಅವರ ‘ಕರಿನಾಗರಗಳು’. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಜಗತ್ತು ಓದತೊಡಗಿದ ಕತೆಗಳಲ್ಲಿ ಅದೂ ಒಂದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಕೈಬಿಟ್ಟಾಗ, ಹಸೀನಾ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದ ಪಾತ್ರವಿದು. ಜಗತ್ತಿನ ಕಣ್ಣಿಗೆ ಬೀಳುವ ಎರಡು ದಶಕ ಮೊದಲೇ ಒಬ್ಬ ಕನ್ನಡ ನಿರ್ದೇಶಕ ಆ ಕತೆಯ ಶಕ್ತಿ ಕಂಡಿದ್ದರು.

ಸಾಹಿತ್ಯ ಕೃತಿಗಳನ್ನು ಅವರು ಇದ್ದ ಹಾಗೇ ಪರದೆಗೆ ತಂದವರಲ್ಲ. ವೈದೇಹಿಯವರ ಕತೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ‘ಗುಲಾಬಿ ಟಾಕೀಸ್’ ಚಿತ್ರದಲ್ಲಿ ಕುಂದಾಪುರ ಸೀಮೆಯ ಮೀನುಗಾರರ ನಡುವೆ ಬರುವುದು ಬಣ್ಣದ ಟಿ.ವಿ., ಡಿಶ್ ಆಂಟೆನಾ. ಸೂಲಗಿತ್ತಿ ಗುಲಾಬಿಯ ಗುಡಿಸಲಲ್ಲಿ ಹೆಂಗಸರೆಲ್ಲ ಒಟ್ಟಾಗಿ ಕೂರುತ್ತಾರೆ. ಕಾರ್ಗಿಲ್ ಯುದ್ಧದ ಸುದ್ದಿ ಬರುತ್ತಲೇ ಅವಳು ಮುಸ್ಲಿಮಳೆಂಬುದು ಎಲ್ಲರಿಗೂ ನೆನಪಾಗುತ್ತದೆ. ಉಮಾಶ್ರೀ ಅವರ ನಗು ಆ ಚಿತ್ರದಲ್ಲಿ ಎಷ್ಟು ದೊಡ್ಡದೋ ಕೊನೆಯ ಒಂಟಿತನವೂ ಅಷ್ಟೇ ದೊಡ್ಡದು. ಅಮರೇಶ ನುಗಡೋಣಿಯವರ ಕತೆಯಿಂದ ಬಂದ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ಒಂದೇ ಘಟನೆಯನ್ನು ಎರಡು ದಿಕ್ಕಿನಿಂದ ಹೇಳುತ್ತಾರೆ. ಕುಣಿ ತೋಡುವ ಈರ್ಯನ ಕನಸಿಗೆ ಸಿದ್ಧ ಬಂದರೆ ಊರಲ್ಲಿ ಸಾವು ಖಂಡಿತ. ಆದರೆ ಗೌಡರ ಮನೆಯವರು ಸಾವನ್ನೇ ಬಚ್ಚಿಟ್ಟಿದ್ದಾರೆ, ಅವನ ಕನಸು ಸುಳ್ಳಾಯಿತೆಂದು ಅವನೇ ನಂಬಬೇಕಾಗಿದೆ. ಹಾಸ್ಯನಟ ವೈಜನಾಥ ಬಿರಾದಾರ ಅವರೊಳಗೆ ಇಂಥ ಕಲಾವಿದನಿದ್ದಾನೆಂದು ಕಂಡುಹಿಡಿದ ಕಣ್ಣು ದೊಡ್ಡದು. ಕುಂ. ವೀರಭದ್ರಪ್ಪನವರ ಕತೆಯ ‘ಕೂರ್ಮಾವತಾರ’ದ ಗುಮಾಸ್ತ, ಗಾಂಧಿಯನ್ನು ಹೋಲುತ್ತಾನೆಂಬ ಕಾರಣಕ್ಕೆ ಧಾರಾವಾಹಿಯಲ್ಲಿ ಗಾಂಧಿಯಾಗುತ್ತಾನೆ. ವೇಷ ಕಳಚಿದ ಮೇಲೂ ಜನ ಅವನನ್ನು ಬಿಡುವುದಿಲ್ಲ.

2011ರಲ್ಲಿ ಪದ್ಮಶ್ರೀ ಬಂದ ಮೇಲೂ ಅವರು ಸುಮ್ಮನೆ ಕೂತವರಲ್ಲ. ಅನಂತಮೂರ್ತಿ ಹಾಗೂ ಅಡೂರ್ ಗೋಪಾಲಕೃಷ್ಣನ್ ಕುರಿತ ಸಾಕ್ಷ್ಯಚಿತ್ರಗಳು ಬಂದವು, 2020ರಲ್ಲಿ ಜಯಂತ ಕಾಯ್ಕಿಣಿಯವರ ಕತೆಯಿಂದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಬಂತು.

‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ 4ಕೆಯಲ್ಲಿ ಪುನರುಜ್ಜೀವನಗೊಳಿಸಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಆ ಕಪ್ಪು ಬಿಳುಪಿನ ಅಗ್ರಹಾರ ಮತ್ತೆ ಹೊಳೆಯಿತು. ಇದೇ ಆರೈಕೆ ‘ತಬರನ ಕಥೆ’ಗೂ ‘ಬಣ್ಣದ ವೇಷ’ಕ್ಕೂ ‘ಮನೆ’ಗೂ ಸಿಗಬೇಕು. ಅದನ್ನು ಹೊರಗಿನವರು ಬಂದು ಮಾಡಲೆಂದು ಕಾಯುವುದು ಬೇಡ. ಕರ್ನಾಟಕ ಸರ್ಕಾರ, ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳು ಈ ಕೆಲಸ ಕೈಗೆತ್ತಿಕೊಳ್ಳಲಿ. ಓದುಗರಲ್ಲಿ ನಮ್ಮದೊಂದು ಕೋರಿಕೆ: ಈ ಸಂಚಿಕೆ ಕೆಳಗಿಟ್ಟ ಮೇಲೆ ಇವುಗಳಲ್ಲಿ ಯಾವುದಾದರೂ ಒಂದನ್ನು ಮನೆಯ ಮಕ್ಕಳೊಂದಿಗೆ ಕೂತು ನೋಡಿ, ಮುಗಿದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಬಿಡುವು ಮಾಡಿಕೊಳ್ಳಿ.