ಬ್ಯಾಸ್ಟಿಯನ್ ಎಂದರೆ ಕೊತ್ತಲ

ಚುನಾವಣೆ ಬಂತೆಂದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಬ್ಯಾಸ್ಟಿಯನ್’ ಎಂಬ ಪದ ಮತ್ತೆ ಮತ್ತೆ ಕಾಣಿಸುತ್ತದೆ. ಒಂದು ಪಕ್ಷ ಸುಲಭವಾಗಿ ಸೋಲದ ಕ್ಷೇತ್ರ ಎಂದು ಅಲ್ಲಿ ಅದರ ಅರ್ಥ. ಕನ್ನಡ ಪತ್ರಿಕೆಗಳು ಅದನ್ನು ‘ಭದ್ರಕೋಟೆ’ ಎನ್ನುತ್ತವೆ. ಆದರೆ ಮೂಲದಲ್ಲಿ ಬ್ಯಾಸ್ಟಿಯನ್ ಇಡೀ ಕೋಟೆಯ ಹೆಸರಲ್ಲ, ಕೋಟೆಯ ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಭಾಗದ ಹೆಸರು. ‘ಕೋಟೆ ಕೊತ್ತಲ’ ಎಂದು ನಾವು ಜೋಡಿಯಾಗಿ ಹೇಳುತ್ತೇವಲ್ಲ, ಆ ಕೊತ್ತಲವೇ ಬ್ಯಾಸ್ಟಿಯನ್.

‘ಕಟ್ಟು’ ಎಂಬ ಅರ್ಥದ ಇಟಾಲಿಯನ್ ಪದದಿಂದ ಇದು ಹುಟ್ಟಿತು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಬೇರೆ ಪದಗಳೂ ಇವೆ. ಅರಬ್ಬಿಯಿಂದ ಬಂದದ್ದು ‘ಬುರುಜು’. ವಿಜಯಪುರದ ಪ್ರಸಿದ್ಧ ಮಲಿಕ್-ಎ-ಮೈದಾನ್ ತೋಪು ಇರುವುದು ಷೇರ್ಜಾ ಬುರುಜಿನ ಮೇಲೆ. ತೋಪುಗಳನ್ನು ಇಡುವ ಜಾಗಕ್ಕೆ ಯುರೋಪಿನವರು ಹೇಳುವ ‘ಬ್ಯಾಟರಿ’ ನಮ್ಮ ಬಾಯಲ್ಲಿ ‘ಬತೇರಿ’ ಆಯಿತು. ನಮ್ಮ ಸಂಘದಲ್ಲಿರುವ ಕರಾವಳಿಯವರಿಗೆ ಮಂಗಳೂರಿನ ಸುಲ್ತಾನ್ ಬತ್ತೇರಿ ಗೊತ್ತೇ ಇದೆ. ಶತ್ರುಗಳ ಹಡಗು ನದಿಯೊಳಗೆ ಬರದಂತೆ 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು ಅದು.

ಕೊತ್ತಲ ಏಕೆ ಬೇಕು? ಗೋಡೆಯ ಮೇಲೆ ನಿಂತವನಿಗೆ ದೂರದ ಶತ್ರು ಕಾಣುತ್ತಾನೆ, ಗೋಡೆಯ ಬುಡಕ್ಕೆ ಅಂಟಿ ನಿಂತವನು ಕಾಣುವುದಿಲ್ಲ. ಕೊತ್ತಲ ಹೊರಕ್ಕೆ ಚಾಚಿರುವುದರಿಂದ ಅಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅವನ ಸ್ವಂತ ಕಾಲಡಿ ಅವನಿಗೆ ಕಾಣದು. ಅದನ್ನು ಕಾಯುವುದು ಪಕ್ಕದ ಕೊತ್ತಲ. ತೋಪುಗಳ ಕಾಲದಲ್ಲಿ ಇಟಲಿಯವರು ದುಂಡು ಬುರುಜನ್ನು ಬಿಟ್ಟು ಬಾಣದ ಮೊನೆಯಂತಹ ಕೊತ್ತಲ ಕಟ್ಟಿದ್ದು ಇದೇ ಕಾರಣಕ್ಕೆ. ಯಾವ ಮೂಲೆಯೂ ಪಕ್ಕದವರ ಕಣ್ಣಿಗೆ ಮರೆಯಾಗಬಾರದು. ಇಂತಹ ಕೊತ್ತಲ ನೋಡಬೇಕಾದರೆ ದೂರ ಹೋಗಬೇಕಿಲ್ಲ, ಪೋರ್ಚುಗೀಸರು ಕಟ್ಟಿದ ವಸಯಿ ಕೋಟೆಯಲ್ಲಿವೆ. 1739ರಲ್ಲಿ ಚಿಮಾಜಿ ಅಪ್ಪಾ ನೇತೃತ್ವದ ಮರಾಠರು ಆ ಕೋಟೆಯನ್ನೂ ಗೆದ್ದರು.

ಎಷ್ಟೇ ಗಟ್ಟಿ ಕೋಟೆಗೂ ಕಣ್ಣಿಗೆ ಬೀಳದ ಒಂದು ಜಾಗ ಇರುತ್ತದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಅದು ಬಂಡೆಗಳ ನಡುವಿನ ಒಂದು ಕಿಂಡಿ. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದ ಓಬವ್ವ, ಅಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದಳೆಂಬ ಕಥೆ ನಮಗೆಲ್ಲ ಗೊತ್ತು. ಕೊತ್ತಲ ಇಲ್ಲದ ಕಡೆ ಅವಳು ನಿಂತಳು.

ಈ ಹಳೆಯ ಪದ ಈಗ ನಮ್ಮ ಘಣಸೋಲಿ, ಐರೋಲಿ, ಮಹಾಪೆಯ ಐಟಿ ಕಚೇರಿಗಳಲ್ಲೂ ಕೇಳಿಸುತ್ತದೆ. ಕಂಪನಿಯ ಒಳಗಿನ ಸರ್ವರ್‌ಗಳನ್ನು ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಡುವುದಿಲ್ಲ. ಒಂದೇ ಒಂದು ಕಂಪ್ಯೂಟರನ್ನು ಹೊರಕ್ಕೆ ನಿಲ್ಲಿಸಿ, ಒಳಗೆ ಹೋಗುವವರೆಲ್ಲ ಅದರ ಮೂಲಕವೇ ಹೋಗುವಂತೆ ಮಾಡುತ್ತಾರೆ. ಬೇಡದ ತಂತ್ರಾಂಶವನ್ನೆಲ್ಲ ಅದರಿಂದ ತೆಗೆದಿರುತ್ತಾರೆ, ಬಂದುಹೋದವರ ಲೆಕ್ಕ ಇಡುತ್ತಾರೆ. ಅದರ ಹೆಸರು ‘ಬ್ಯಾಸ್ಟಿಯನ್ ಹೋಸ್ಟ್’. ಇಲ್ಲೂ ಅದರ ಕೆಲಸ ತಾನು ಹೊರಗೆ ನಿಂತು ಉಳಿದವರನ್ನು ಕಾಯುವುದು.

ಹೊರನಾಡಿನಲ್ಲಿ ‘ನಮ್ಮ ಮನೆಯೇ ಕನ್ನಡದ ಭದ್ರಕೋಟೆ’ ಎಂದು ಅಭಿಮಾನದಿಂದ ಹೇಳುತ್ತೇವೆ. ಆದರೆ ಬಾಗಿಲು ಮುಚ್ಚಿದ ಒಂದು ಫ್ಲ್ಯಾಟ್ ಮಾತ್ರ ಭಾಷೆಯನ್ನು ಕಾಯಲಾರದು. ಅಮ್ಮನಿಗೆ ಹಿಂದಿಯಲ್ಲೇ ಉತ್ತರ ಕೊಡುವ ಮಗು, ಪಕ್ಕದ ವಿಂಗ್‌ನ ಆಂಟಿ ಕನ್ನಡದಲ್ಲಿ ಮಾತನಾಡಿಸಿದರೆ ಕನ್ನಡದಲ್ಲಿ ಉತ್ತರಿಸುವುದನ್ನು ನಾವೆಲ್ಲ ನೋಡಿದ್ದೇವೆ. ತಾಯಿಯ ಕಣ್ಣಿಗೆ ಬೀಳದ ಜಾಗವನ್ನು ಆ ಆಂಟಿ ಕಾಯುತ್ತಾಳೆ. ಅವಳ ಮಗುವನ್ನು ನಾವು ಮಾತನಾಡಿಸಬೇಕು. ನಮ್ಮ ಮಹಿಳಾ ವಿಭಾಗದ ಭಜನೆ, ಹಬ್ಬ, ಅರಿಶಿನ ಕುಂಕುಮಗಳಲ್ಲಿ ಆಗುತ್ತಿರುವುದೂ ಇದೇ.

ಆದ್ದರಿಂದ ಗೆಳತಿಯರೇ, ಕೋಟೆ ಇರಲಿ, ಜೊತೆಗೆ ಕೊತ್ತಲವೂ ಇರಲಿ. ಈ ವಾರ ಲಿಫ್ಟ್‌ನಲ್ಲಿ ಸಿಗುವ ಕನ್ನಡದ ಮಗುವೊಂದನ್ನು ‘ಊಟ ಆಯ್ತಾ ಪುಟ್ಟಾ?’ ಎಂದು ಕೇಳಿ ನೋಡೋಣ.