ಚೆಂಡು ಯಾರ ಕೋರ್ಟಿನಲ್ಲಿ?



ಹನ್ನೆರಡು ವರ್ಷದ ಹಿಂದಿನ ಮಾತು. ಆಫೀಸಿನ ಮೀಟಿಂಗಿನಲ್ಲಿ ಸಾಹೇಬರು ನನ್ನ ಕಡೆ ತಿರುಗಿ 'ನೌ ದ ಬಾಲ್ ಈಸ್ ಇನ್ ಯುವರ್ ಕೋರ್ಟ್' ಅಂದರು. ನಾನು ಎದ್ದು ಹೋಗಿ ಕೋರ್ಟ್ ಕೇಸಿನ ಫೈಲು ತಂದು ಮೇಜಿನ ಮೇಲಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದು ಟೆನಿಸ್ ಆಟದ ಮಾತಂತೆ, 'ಇನ್ನು ಮುಂದಿನದು ನಿನ್ನ ಕೈಲಿದೆ' ಅಂತ ಅರ್ಥ. ನಮ್ಮ ಕೇರಿಯಲ್ಲಿ ಟೆನಿಸ್ ಆಡಿದವರು ಯಾರಿದ್ದರು ಹೇಳಿ? ಬಿ.ಎ. ಪಾಸಾಗಿದ್ದೆ, ಪದಗಳೆಲ್ಲ ಗೊತ್ತಿದ್ದವು, ಮಾತು ಗೊತ್ತಿರಲಿಲ್ಲ.

ಅವತ್ತೇ ಒಂದು ನೋಟ್‌ಬುಕ್ ತಗೊಂಡೆ. ದಿನಕ್ಕೊಂದು ನುಡಿಗಟ್ಟು, ಅದರ ಕೆಳಗೆ ನನ್ನದೇ ಮೂರು ವಾಕ್ಯ, ಬಸ್ಸಿನಲ್ಲಿ ಬಾಯಿಪಾಠ. ಜೊತೆಗೆ ಇದು ಎಲ್ಲಿಂದ ಬಂತು ಅಂತ ಹುಡುಕೋ ಚಟವೂ ಹತ್ತಿತು. ಹುಡುಕಿದಷ್ಟೂ ನಮ್ಮಂಥವರ ಚರಿತ್ರೆಯೇ ಸಿಗತೊಡಗಿತು.

'ಸೋಲ್ಡ್ ಡೌನ್ ದ ರಿವರ್.' ನಂಬಿದವರೇ ಕೈಕೊಟ್ಟರು ಅನ್ನೋದಕ್ಕೆ ಹೀಗೆ ಹೇಳ್ತಾರೆ. ಆ ನದಿ ಮಿಸಿಸಿಪ್ಪಿ. 19ನೇ ಶತಮಾನದ ಅಮೆರಿಕದಲ್ಲಿ ಕಪ್ಪು ಗುಲಾಮರನ್ನು ನದಿಯ ಕೆಳದಿಕ್ಕಿಗೆ, ದಕ್ಷಿಣದ ಹತ್ತಿ ಮತ್ತು ಕಬ್ಬಿನ ತೋಟಗಳಿಗೆ ಮಾರುತ್ತಿದ್ದರು. ಹೆಂಡತಿ ಒಂದು ಕಡೆ, ಮಕ್ಕಳು ಒಂದು ಕಡೆ. ಇವತ್ತು ಪ್ರಮೋಷನ್ ತಪ್ಪಿದವರೂ ಅದೇ ಮಾತು ಆಡ್ತಾರೆ.

'ಗ್ರ್ಯಾಂಡ್‌ಫಾದರ್ ಕ್ಲಾಸ್.' ನಮ್ಮಂಥ ಗುಮಾಸ್ತರಿಗೆ ಇದು ಗೊತ್ತಿರಬೇಕು. ಹೊಸ ನಿಯಮ ಬಂದರೂ ಹಳಬರಿಗೆ ಅದು ಅನ್ವಯಿಸದು ಅನ್ನೋ ಕಲಮು. ಹುಟ್ಟಿದ್ದು ಹೇಗೆ? ಗುಲಾಮಗಿರಿ ಹೋದ ಮೇಲೆ ಕಪ್ಪು ಜನರಿಗೆ ವೋಟು ಬಂತು. ಅದನ್ನು ಕಿತ್ತುಕೊಳ್ಳಲು ದಕ್ಷಿಣದ ರಾಜ್ಯಗಳು ಓದುಬರಹದ ಪರೀಕ್ಷೆ ಇಟ್ಟವು. ಆದರೆ ಓದು ಬಾರದ ಬಿಳಿಯರೂ ಇದ್ದರಲ್ಲ! ಅದಕ್ಕೆ 1898ರಲ್ಲಿ ಲೂಸಿಯಾನಾ ಒಂದು ಉಪಾಯ ಮಾಡಿತು: 1867ರ ಆರಂಭಕ್ಕೂ ಮೊದಲೇ ಅಪ್ಪನಿಗೋ ಅಜ್ಜನಿಗೋ ವೋಟಿನ ಹಕ್ಕಿದ್ದರೆ ಪರೀಕ್ಷೆ ಬೇಡ. ಗುಲಾಮರ ಮೊಮ್ಮಕ್ಕಳಿಗೆ ಅಂಥ ಅಜ್ಜ ಎಲ್ಲಿಂದ ಬರಬೇಕು? ಇಂಥ ಕಲಮುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1915ರಲ್ಲಿ. ನಮಗೆ ಮೆರಿಟ್ ಪಾಠ ಹೇಳೋರು ಈ ಅಜ್ಜನ ಮೀಸಲಾತಿಯನ್ನೂ ಒಮ್ಮೆ ಓದಲಿ.

ಒಂದು ರಾತ್ರಿ ಪುಟ ತಿರುವಿದಾಗ 'ಸೋಷಿಯಲ್ ಪರಾಯ' ಅಂತ ಬಂತು. ಎಲ್ಲರೂ ದೂರ ಇಟ್ಟವನು ಅಂತ ಅರ್ಥ. ಪೆನ್ನು ಅಲ್ಲೇ ನಿಂತಿತು. ಅದು ತಮಿಳಿನ ಪರೆಯರ ಹೆಸರು. ಪರೆ ಅಂದರೆ ಅವರು ಬಾರಿಸುವ ಚರ್ಮವಾದ್ಯ, ನಮ್ಮ ತಮಟೆಯ ಬಂಧು. ಒಂದು ಜನಾಂಗದ ಹೆಸರೇ ಜಗತ್ತಿನ ಬೈಗುಳ ಆಗಿಹೋಗಿದೆ. ಹಾಗಂತ ಇಂಗ್ಲಿಷನ್ನಷ್ಟೇ ಬೈಯೋದು ಬೇಡ. ನಮ್ಮ ಕನ್ನಡದ ಗಾದೆಗಳಲ್ಲಿ ನಮ್ಮ ಜಾತಿ ಹೆಸರು ಹೇಗೆ ಬಂದಿದೆ ಅಂತ ನಿಮಗೇ ಗೊತ್ತು.

ಹಾಗಾದರೆ ಈ ಭಾಷೆ ನಮಗೆ ಬೇಡವಾ? ಬೇಕು. 1854ರಲ್ಲೇ ಅವ್ವ ಸಾವಿತ್ರಿಬಾಯಿ ಫುಲೆ ಇಂಗ್ಲಿಷ್ ಕಲಿಯಿರಿ ಅಂತ ಪದ್ಯ ಬರೆದು ಅಚ್ಚು ಹಾಕಿಸಿದರು. ಎರಡೇ ವರ್ಷಕ್ಕೆ, 1856ರಲ್ಲಿ, ನಮ್ಮ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ನ್ಯಾಯ ಅವನ ಕಡೆ ಇದೆ ಅಂತ ಒಪ್ಪಿಕೊಂಡ ಬಾಂಬೆ ಸರ್ಕಾರ, ಮೇಲ್ಜಾತಿಯವರು ಶಾಲೆ ಬಿಟ್ಟಾರು ಅಂತ ಹೆದರಿ ಬಾಗಿಲು ಹಾಕಿತು. ಬಾಬಾಸಾಹೇಬರು ತಮ್ಮ ಬರಹದಲ್ಲಿ ಈ ಹುಡುಗನನ್ನು ನೆನೆದಿದ್ದಾರೆ, ಅದೂ ಇಂಗ್ಲಿಷಿನಲ್ಲೇ. ಅದಕ್ಕೇ ಜಗತ್ತಿಗೆ ಗೊತ್ತಾಯ್ತು.

ಈಗ ಭಾನುವಾರ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಮಕ್ಕಳಿಗೆ ನುಡಿಗಟ್ಟು ಹೇಳಿಕೊಡ್ತೀನಿ. ಮೊದಲು ಅರ್ಥ, ಆಮೇಲೆ ಹುಟ್ಟಿದ ಕತೆ, ಕೊನೆಗೆ ಅವರದೇ ವಾಕ್ಯ. ತಪ್ಪಿದರೆ ಯಾರೂ ನಗಬಾರದು, ಅದೊಂದೇ ಕಂಡೀಷನ್. ಹೋದ ವಾರ ಪರಾಯ ಪದ ಬಂದಾಗ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು, 'ಅಣ್ಣಾ, ಇದನ್ನ ನಾವೂ ಬಳಸಬೇಕಾ?'

'ಅರ್ಥ ತಿಳ್ಕೊ, ಬಳಸಬೇಡ ಕಣವ್ವ' ಅಂದೆ. ಅವಳು ಆ ಪದಕ್ಕೆ ಅಡ್ಡಗೆರೆ ಎಳೆದು ಮುಂದಿನ ಪುಟ ತಿರುವಿದಳು.

ಜೈ ಭೀಮ್.