ರಕ್ತ ಹೇಳುವುದು, ದಾಖಲೆ ಹೇಳುವುದು

ತಿರುವನಂತಪುರದ ತಂಪಾನೂರಿನಲ್ಲಿ ರೈಲು ನಿಲ್ದಾಣ, ಬಸ್ ನಿಲ್ದಾಣ ಎರಡೂ ಎದುರುಬದುರು. ಕೆಲಸಕ್ಕೆ ಬಂದ ನಮ್ಮಂಥವರೂ ಇಲ್ಲೇ ಇಳಿಯುತ್ತೇವೆ, ಚಿಕಿತ್ಸೆಗೆ ಬಂದವರೂ ಇಲ್ಲೇ ಇಳಿಯುತ್ತಾರೆ. ಹಳೆಯ ರಿಪೋರ್ಟುಗಳ ಕವರು ಹಿಡಿದು ಮೆಡಿಕಲ್ ಕಾಲೇಜಿನ ಬಸ್ ಯಾವುದೆಂದು ಕೇಳುವವರಲ್ಲಿ ಹೃದ್ರೋಗಿಗಳೂ ಇರುತ್ತಾರೆ. ಅವರು ಹುಡುಕಿಕೊಂಡು ಹೋಗುವುದು ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು.

1973ರಲ್ಲಿ ತಿರುವಾಂಕೂರಿನ ರಾಜಮನೆತನ ಕೊಡುಗೆಯಾಗಿ ಕೊಟ್ಟ ಕಟ್ಟಡದಲ್ಲಿ, 1976ರಲ್ಲಿ ಶುರುವಾದ ಆಸ್ಪತ್ರೆ ಇದು. 1980ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಇದನ್ನು ಕಟ್ಟಿ ಬೆಳೆಸಿದ ಡಾ. ಎಂ. ಎಸ್. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಅವರ ತಂಡ ರೂಪಿಸಿದ, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದ ಚಿತ್ರಾ ಕವಾಟದ ಕಥೆ ಅನೇಕರಿಗೆ ಗೊತ್ತು. ಅದೇ ಸಂಸ್ಥೆಯ ಇನ್ನೊಂದು ಕಥೆ ಅಷ್ಟು ಪ್ರಚಾರ ಪಡೆದಿಲ್ಲ. ಅದು ಹೃದ್ರೋಗಿಯ ಮುಂದಿನ ದಿನಗಳು ಹೇಗಿರುತ್ತವೆ ಎಂದು ತಿಳಿಯಲು ನಡೆದ ಪ್ರಯತ್ನದ್ದು. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೃದಯದ ಪೆಟ್ಟನ್ನು ರಕ್ತದಲ್ಲಿ ಓದಬಹುದು ಎಂದು ತೋರಿದ್ದು 1954ರಲ್ಲಿ. ನ್ಯೂಯಾರ್ಕಿನ ಲಡ್ಯೂ, ವ್ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ಹೃದಯಾಘಾತವಾದವರ ರಕ್ತದಲ್ಲಿ ಒಂದು ಕಿಣ್ವ ಏರುವುದನ್ನು ಕಂಡರು. ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಇಂದಿಗೂ ಎಸ್‌ಜಿಒಟಿ ಎಂದು ಕಾಣುವುದು ಅದೇ. ತೊಂದರೆಯೆಂದರೆ ಲಿವರ್ ಕೆಟ್ಟರೂ ಅದು ಏರುತ್ತದೆ. ಹೃದಯದ್ದೇ ಆದ ಗುರುತು ಬೇಕಿತ್ತು. ಜಪಾನಿನ ಸೆತ್ಸುರೊ ಎಬಾಶಿ 1960ರ ದಶಕದಲ್ಲಿ ಸ್ನಾಯುವಿನಲ್ಲಿ ಗುರುತಿಸಿದ್ದ ಟ್ರೊಪೋನಿನ್ ಎಂಬ ಪ್ರೋಟೀನಿನಲ್ಲಿ ಅದು ಸಿಕ್ಕಿತು. ಅದರ ಹೃದಯದ ರೂಪವನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು 1980ರ ದಶಕದ ಕೊನೆಗೆ ಜರ್ಮನಿಯ ಹ್ಯೂಗೊ ಕಾಟುಸ್ ಬಳಕೆಗೆ ತಂದರು.

ಅಲ್ಲಿಯವರೆಗೆ ರಕ್ತಪರೀಕ್ಷೆ ಹೇಳುತ್ತಿದ್ದುದು ಆಗಿಹೋದದ್ದನ್ನು. 1996ರಲ್ಲಿ ಅಮೆರಿಕದ ಎಲಿಯಟ್ ಆಂಟ್‌ಮನ್ ಮತ್ತು ಸಂಗಡಿಗರು 1,404 ರೋಗಿಗಳ ಟ್ರೊಪೋನಿನ್ ಮಟ್ಟವನ್ನು ಮುಂದಿನ 42 ದಿನಗಳ ಸಾವಿನೊಂದಿಗೆ ಹೋಲಿಸಿದರು. ಮಟ್ಟ ತೀರಾ ಕಡಿಮೆ ಇದ್ದವರಲ್ಲಿ ಶೇ. 1 ಮಂದಿ ಸತ್ತಿದ್ದರೆ, ಅತಿ ಹೆಚ್ಚು ಇದ್ದವರಲ್ಲಿ ಶೇ. 7.5. ರಕ್ತದ ಒಂದು ಅಂಕಿ ಮುಂದಾಗುವುದರ ಸೂಚನೆಯನ್ನೂ ಕೊಡತೊಡಗಿತು.

ಇನ್ನೊಂದು ದಾರಿ ತೆರೆದದ್ದು ಕೆನಡಾದಲ್ಲಿ. ಇಲಿಯ ಹೃದಯದ ಮೇಲಿನ ಕೋಣೆಗಳ ಸಾರವನ್ನು ಬೇರೆ ಇಲಿಗೆ ಚುಚ್ಚಿದರೆ ಅದು ಹೆಚ್ಚು ಮೂತ್ರ, ಹೆಚ್ಚು ಉಪ್ಪು ಹೊರಹಾಕುತ್ತದೆ ಎಂದು 1981ರಲ್ಲಿ ಅಡಾಲ್ಫೊ ಡಿ ಬೋಲ್ಡ್ ತೋರಿಸಿದರು. ಹೃದಯ ಬರೀ ಪಂಪ್ ಅಲ್ಲ, ಹಾರ್ಮೋನು ಸುರಿಸುವ ಗ್ರಂಥಿಯೂ ಹೌದು ಎಂದಾಯಿತು. 1988ರಲ್ಲಿ ಜಪಾನಿನವರು ಹಂದಿಯ ಮೆದುಳಿನಲ್ಲಿ ಅದೇ ಕುಟುಂಬದ ಬಿಎನ್‌ಪಿ ಪತ್ತೆಹಚ್ಚಿದರು. ಅದು ಮುಖ್ಯವಾಗಿ ಬರುವುದು ಹೃದಯದ ಕೆಳಕೋಣೆಗಳಿಂದ ಎಂದು ಆಮೇಲೆ ತಿಳಿದರೂ ಹೆಸರಿನಲ್ಲಿ ಮೆದುಳೇ ಉಳಿಯಿತು. ಕೋಣೆಯ ಗೋಡೆ ಹಿಗ್ಗಿದಷ್ಟೂ ಇದು ರಕ್ತಕ್ಕೆ ಹೆಚ್ಚು ಸೇರುತ್ತದೆ. ಏದುಸಿರಿನಿಂದ ತುರ್ತು ಘಟಕಕ್ಕೆ ಬಂದ 1,586 ಮಂದಿಯ ಅಧ್ಯಯನ 2002ರಲ್ಲಿ ಪ್ರಕಟವಾದ ಮೇಲೆ ಹಾರ್ಟ್ ಫೇಲ್ಯೂರ್ ಪತ್ತೆಗೆ ಇದು ನಿತ್ಯದ ಪರೀಕ್ಷೆಯಾಯಿತು. ಚಿಕಿತ್ಸೆಯಾದ ಮೇಲೂ ಇಳಿಯದ ಅಂಕಿ ಕೆಟ್ಟ ಸೂಚನೆ.

ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ನಿಂತುಹೋಗುವುದಲ್ಲ, ತನ್ನ ಕೆಲಸದಲ್ಲಿ ಸೋಲುತ್ತ ಬರುವುದು. ಹೀಗೆ ಸೋತ ಹೃದಯದವರು ನಮ್ಮಲ್ಲಿ ಎಷ್ಟು ಕಾಲ ಬದುಕುತ್ತಾರೆ? ಅದನ್ನು ಎಣಿಸಿ ನೋಡಿದ್ದು ತಿರುವನಂತಪುರದಲ್ಲಿ. ಶ್ರೀ ಚಿತ್ರಾದ ಡಾ. ಎಸ್. ಹರಿಕೃಷ್ಣನ್ ಮತ್ತು ಸಂಗಡಿಗರು 2013ರಲ್ಲಿ ಜಿಲ್ಲೆಯ 18 ಆಸ್ಪತ್ರೆಗಳಿಗೆ ದಾಖಲಾದ 1,205 ರೋಗಿಗಳ ರಿಜಿಸ್ಟ್ರಿ ಮಾಡಿದರು. ಸರಾಸರಿ ವಯಸ್ಸು 61, ಅಂದರೆ ಪಾಶ್ಚಾತ್ಯ ದೇಶಗಳ ರೋಗಿಗಳಿಗಿಂತ ಸುಮಾರು 10 ವರ್ಷ ಕಡಿಮೆ. ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 8.5. ವರ್ಷ ತುಂಬುವಷ್ಟರಲ್ಲಿ ಅದು ಶೇ. 31ರ ಹತ್ತಿರ ಹೋಯಿತು, 5 ವರ್ಷಕ್ಕೆ ಶೇ. 59.

ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ಹೆಚ್ಚಿನ ಸಾವುಗಳಾದದ್ದು ಮನೆಯವರು 'ಡಿಸ್ಚಾರ್ಜ್ ಆಯಿತು' ಎಂದು ನಿಟ್ಟುಸಿರು ಬಿಟ್ಟ ಮೇಲೆ. ಹೃದಯದ ಬಲ ಕುಗ್ಗಿದ್ದವರಲ್ಲಿ ಮಾರ್ಗಸೂಚಿ ಹೇಳುವ ಔಷಧಗಳನ್ನೆಲ್ಲ ಬರೆಸಿಕೊಂಡು ಮನೆಗೆ ಹೋದವರು ಸುಮಾರು ಕಾಲು ಭಾಗ ಮಾತ್ರ. ಆ ಔಷಧ ಸಿಕ್ಕವರಲ್ಲಿ ಸಾವು ಕಡಿಮೆಯಿತ್ತು. ಅಪಾಯವನ್ನು ರಕ್ತ ಮೊದಲೇ ಹೇಳಿದರೂ, ಕೇಳಿಸಿಕೊಂಡು ಬೆನ್ನುಹತ್ತುವ ವ್ಯವಸ್ಥೆ ಇಲ್ಲದಿದ್ದರೆ ಆ ಅಂಕಿಯಿಂದ ಪ್ರಯೋಜನವಿಲ್ಲ.

2021ರಲ್ಲಿ ಅದೇ ಸಂಸ್ಥೆಯಲ್ಲಿ ಐಸಿಎಂಆರ್ ನೆರವಿನಿಂದ ರಾಷ್ಟ್ರೀಯ ಹಾರ್ಟ್ ಫೇಲ್ಯೂರ್ ಬಯೋಬ್ಯಾಂಕ್ ತೆರೆಯಿತು. ರೋಗಿಗಳ ರಕ್ತ, ಶಸ್ತ್ರಚಿಕಿತ್ಸೆಯ ವೇಳೆ ಸಿಗುವ ಅಂಗಾಂಶ, ಡಿಎನ್‌ಎ ಇವುಗಳ ಸುಮಾರು 25,000 ಮಾದರಿಗಳನ್ನು ಕಡುಶೀತದಲ್ಲಿ ಕಾಪಿಡಬಲ್ಲ ಜಾಗ ಅದು. ಮಾದರಿಯ ಜೊತೆಗೆ ರೋಗಿಯ ಚಿಕಿತ್ಸೆಯ ವಿವರವೂ ಇರುತ್ತದೆ. ಇದರ ಅಗತ್ಯವಿದೆ. ಬಿಎನ್‌ಪಿ ವಯಸ್ಸಾದಂತೆ ಏರುತ್ತದೆ, ಕಿಡ್ನಿ ಕೆಟ್ಟರೆ ಏರುತ್ತದೆ, ಬೊಜ್ಜು ಇದ್ದವರಲ್ಲಿ ಕಡಿಮೆ ತೋರುತ್ತದೆ. ಬೇರೆ ದೇಶದ ಹಿರಿಯ ರೋಗಿಗಳನ್ನು ನೋಡಿ ಗೊತ್ತುಮಾಡಿದ ಗೆರೆ 60ರ ಆಸುಪಾಸಿನ ನಮ್ಮವರಿಗೆ ಎಷ್ಟು ಹೊಂದುತ್ತದೆ ಎಂಬುದನ್ನು ನಮ್ಮವರ ರಕ್ತದಲ್ಲೇ ನೋಡಬೇಕು.

ಊರಿನಲ್ಲಿರುವ ಅಪ್ಪನ ಅಥವಾ ಅಮ್ಮನ ರಿಪೋರ್ಟಿನ ಫೋಟೊ ನಮಗೆ ಬರುವುದು ವಾಟ್ಸಾಪಿನಲ್ಲಿ. ಕಣ್ಣು ಮೊದಲು ಹೋಗುವುದು ದಪ್ಪಕ್ಷರದ ಅಂಕಿಯ ಕಡೆ. ಅದರ ಅರ್ಥವನ್ನು ವೈದ್ಯರು ಹೇಳಬೇಕು. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಔಷಧಗಳಿವೆ, ಅವನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ, ಕಾಲು ಊದಿದೆಯೇ, ನಾಲ್ಕು ದಿನದಲ್ಲಿ ತೂಕ ಏರಿದೆಯೇ, ಮತ್ತೆ ತೋರಿಸುವ ದಿನ ಯಾವುದು ಎಂದು ಫೋನಿನಲ್ಲಿ ಕೇಳುವುದು ನಮ್ಮ ಕೈಲಾಗುವ ಕೆಲಸ. ಆ 1,205 ಮಂದಿಯ ದಾಖಲೆ ನೋಡಿದರೆ, ಡಿಸ್ಚಾರ್ಜ್ ಆದ ಮೊದಲ ವರ್ಷ ಈ ಫೋನು ಹೆಚ್ಚು ಬೇಕು.